ಹಂಚಿನ ಮಾಡಿಗೆ ತೂತಿಲ್ಲ, ಶೀಟಿನ ಮಾಡಿಗೆ ಏಳುನೂರು

“ಹಂಚೆಲ್ಲ ಇಳಿಸಿ ಶೀಟ್ ಹಾಕಿಸಿಬಿಟ್ವಿ. ಇನ್ನು ಐವತ್ತು ವರ್ಷ ಮಾಡಿನ ತಂಟೆ ಇಲ್ಲ. ಅಲ್ಲ ಮಾರಾಯ, ನಿಮ್ಮ ಅಮೆರಿಕದಲ್ಲಿ ಹಂಚು ಯಾರು ಹಾಕ್ತಾರೆ ಹೇಳು?” ತೀರ್ಥಹಳ್ಳಿ ಕಡೆಯಿಂದ ಅಣ್ಣ ಕಳಿಸಿದ ವಾಯ್ಸ್ ಮೆಸೇಜ್ ಇಷ್ಟೇ. ಜೊತೆಗೊಂದು ಫೋಟೊ. ಮಾಡಿಗೆ ನೀಲಿ ಬಣ್ಣದ ಉಕ್ಕಿನ ಶೀಟು ಹೊದ್ದ ಮನೆ, ಅಂಗಳದ ಮೂಲೆಯಲ್ಲಿ ಮಲಗಿಸಿ ಪೇರಿಸಿದ ಹಂಚಿನ ರಾಶಿ.

ಅಣ್ಣನ ಪ್ರಶ್ನೆಗೆ ಉತ್ತರವಿದೆ: ಇಲ್ಲಿ ಹಂಚು ಹಾಕಿಸುವವರು ದುಡ್ಡಿದ್ದವರು. ಕ್ಯಾಲಿಫೋರ್ನಿಯಾ, ಅರಿಜೋನಾ, ಫ್ಲಾರಿಡಾಗಳಲ್ಲಿ ಮಣ್ಣಿನ ಹಂಚಿನ ಮನೆಗಳು ಬೀದಿಗಟ್ಟಲೆ ಇವೆ. ಡಲ್ಲಾಸ್ ಸುತ್ತಮುತ್ತಲೂ ದೊಡ್ಡ ಮನೆಗಳ ಮೇಲೆ ಕಾಣುತ್ತದೆ. ಸಾಮಾನ್ಯ ಮಾಡಿಗಿಂತ ಎರಡು ಮೂರು ಪಟ್ಟು ಖರ್ಚು. ಹಂಚಿನ ಮಾಡು ರಿಪೇರಿ ಮಾಡುವವರ ಅಂದಾಜು ಪಟ್ಟಿಯಲ್ಲಿ ‘ಲಿಫ್ಟ್ ಅಂಡ್ ರಿಲೇ’ ಎಂಬ ಸಾಲೊಂದು ಇರುತ್ತದೆ. ಹಂಚನ್ನು ಒಂದೊಂದಾಗಿ ಎತ್ತಿಟ್ಟು, ಕೆಳಗಿನ ನೀರು ತಡೆಯುವ ಹಳೆಯ ಹಾಳೆ ಕಿತ್ತು ಹೊಸದು ಹಾಸಿ, ಒಡೆದದ್ದನ್ನಷ್ಟೇ ಬದಲಿಸಿ, ಅದೇ ಹಂಚನ್ನು ಮತ್ತೆ ಹೊದಿಸುವ ಕೆಲಸ. ಮೃಗಶಿರೆ ಹಿಡಿಯುವ ಮೊದಲು ನಮ್ಮಲ್ಲಿ ಹಂಚು ಕೈಯಾಡಿಸುವುದು ಅಂತಾರಲ್ಲ, ಅದೇ. ಇಲ್ಲಿ ಅದಕ್ಕೆ ಕೈತುಂಬ ಡಾಲರ್ ಕೊಟ್ಟು ಮಾಡಿಸುತ್ತಾರೆ. ನಾವು ಅದನ್ನು ಬಡತನದ ಕೆಲಸ ಎಂದುಕೊಂಡು ಬಿಡುತ್ತಿದ್ದೇವೆ.

ಹಾಗಂತ ಅಮೆರಿಕದವರು ಮಾಡಿನ ವಿಷಯದಲ್ಲಿ ಬುದ್ಧಿವಂತರು ಎಂದು ನಾನು ಹೇಳುವುದಿಲ್ಲ. ಇಲ್ಲಿನ ಸಾಮಾನ್ಯ ಮನೆಗೆ ಶಿಂಗಲ್ ಹೊದಿಕೆ. ಗಾಜಿನ ನಾರಿನ ಚಾಪೆಗೆ ಡಾಂಬರು ಮೆತ್ತಿ, ಮೇಲೆ ಬಣ್ಣದ ಕಲ್ಲಿನ ಹರಳು ಒತ್ತಿ ಮಾಡಿದ ಪಟ್ಟಿ ಅದು. ಕೆಳಗೆ 11 ಮಿ.ಮೀ. ದಪ್ಪದ ಮರದ ಚಕ್ಕೆ ಹಲಗೆ, ಅದರ ಮೇಲೆ ತೆಳ್ಳನೆಯ ಹಾಳೆ, ಅದರ ಮೇಲೆ ಮೊಳೆ ಹೊಡೆದ ಶಿಂಗಲ್. ಬಿಸಿಲಿಗೆ ಹರಳು ಉದುರುತ್ತದೆ, ಡಾಂಬರು ಒಣಗಿ ಅಂಚು ಮುರುಟುತ್ತದೆ. ಟೆಕ್ಸಸ್‌ನಲ್ಲಿ ಇಪ್ಪತ್ತು ವರ್ಷ ಬಾಳಿದರೆ ಪುಣ್ಯ, ಆಲಿಕಲ್ಲು ಬಿದ್ದರೆ ಅಷ್ಟೂ ಇಲ್ಲ. ಕಟ್ಟಿನ ಮೇಲೆ ‘ಲೈಫ್‌ಟೈಮ್ ವಾರಂಟಿ’ ಎಂದು ಬರೆದಿರುತ್ತದೆ. ಒಳಗಿನ ಸಣ್ಣ ಅಕ್ಷರ ಓದಿದರೆ, ಮೊದಲ ಹತ್ತು ವರ್ಷದ ಸುಮಾರಿಗೆ ಪೂರ್ತಿ ಹಣ, ಆಮೇಲೆ ವರ್ಷ ವರ್ಷ ಕಡಿತ. ಅದೂ ತಯಾರಿಕೆಯ ದೋಷಕ್ಕೆ ಮಾತ್ರ, ಆಲಿಕಲ್ಲಿಗೆ ಇಲ್ಲ. ಅಣ್ಣನಿಗೆ ಅಂಗಡಿಯವರು ಕೊಟ್ಟ ಐವತ್ತು ವರ್ಷದ ಮಾತನ್ನೂ ಇದೇ ಕಣ್ಣಿಂದ ನೋಡಬೇಕು. ಯಾವುದಕ್ಕೆ ಐವತ್ತು ವರ್ಷ? ಶೀಟಿಗೋ, ಅದರ ಬಣ್ಣಕ್ಕೋ, ಅದನ್ನು ಹಿಡಿದಿಟ್ಟ ಸ್ಕ್ರೂಗೋ?

ಅಳತೆಯ ವಿಷಯದಲ್ಲಿ ಎರಡೂ ಊರಿನ ಕೆಲಸಗಾರರು ಒಂದೇ. ಇಲ್ಲಿ ಮಾಡಿನ ಲೆಕ್ಕ ‘ಸ್ಕ್ವೇರ್’ನಲ್ಲಿ, ಅಂದರೆ 100 ಚದರ ಅಡಿ. ನಮ್ಮ ‘ಚದರ’ವೂ ಅಷ್ಟೇ. ಹಾಗಾಗಿ ಹೋಲಿಸುವುದು ಸುಲಭ. ಒಂದು ಚದರಕ್ಕೆ ಮಂಗಳೂರು ಹಂಚು ಸುಮಾರು 140 ಬೇಕು, ಒಂದೊಂದು ಎರಡೂವರೆ ಕಿಲೊ ಹಿಡಿದರೆ 350 ಕಿಲೊ. ಶಿಂಗಲ್ ನೂರು ಕಿಲೊದ ಆಸುಪಾಸು. ಅರ್ಧ ಮಿ.ಮೀ. ಶೀಟು 45 ಕಿಲೊ ಅಷ್ಟೇ. ಹಂಚು ತನ್ನ ಭಾರಕ್ಕೇ ಕೂತಿರುತ್ತದೆ. ಹಿಂಬದಿಯ ಮೂಗು ರೀಪನ್ನು, ಅಂದರೆ ಕೆಳಗಿನ ಅಡ್ಡ ಮರದ ಪಟ್ಟಿಯನ್ನು, ಹಿಡಿದುಕೊಂಡರೆ ಸಾಕು, ಮೊಳೆ ಬೇಡ. ಶೀಟನ್ನು ಗಾಳಿ ಎತ್ತುತ್ತದೆ, ಅದಕ್ಕೇ ಸ್ಕ್ರೂ ಬೇಕು. ಚದರಕ್ಕೆ 40ರಿಂದ 50 ಸ್ಕ್ರೂ. ಹದಿನೈದು ಚದರದ ಮಾಡಿಗೆ ಏಳುನೂರರ ಹತ್ತಿರ. ಅಂದರೆ ಮಳೆ ಬೀಳುವ ಮೈಯಲ್ಲಿ ನಾವೇ ಕೊರೆದ ಏಳುನೂರು ತೂತು. ಶಿಂಗಲ್‌ಗೆ ಚದರಕ್ಕೆ 250 ಮೊಳೆಗಿಂತ ಹೆಚ್ಚು ಬೀಳುತ್ತದೆ, ಆದರೆ ಪ್ರತಿ ಮೊಳೆಯ ತಲೆಯನ್ನೂ ಮೇಲಿನ ಸಾಲಿನ ಶಿಂಗಲ್ ಮುಚ್ಚುತ್ತದೆ. ಶೀಟಿನ ಸ್ಕ್ರೂ ಬೆತ್ತಲೆ.

ಆ ಸ್ಕ್ರೂವನ್ನು ಹತ್ತಿರದಿಂದ ನೋಡಬೇಕು. ತಲೆಯ ಕೆಳಗೆ ಲೋಹದ ಬಿಲ್ಲೆ, ಅದಕ್ಕೆ ಅಂಟಿದ ಕಪ್ಪು ರಬ್ಬರ್ ವಾಷರ್. ನೀರು ತಡೆಯುವುದು ಆ ರಬ್ಬರ್ ಒಂದೇ. ಸರಿಯಾಗಿ ಬಿಗಿದರೆ ರಬ್ಬರು ಬಿಲ್ಲೆಯ ಅಂಚಿನಿಂದ ಕೂದಲೆಳೆಯಷ್ಟು ಹೊರಗೆ ಇಣುಕುತ್ತದೆ. ಡ್ರಿಲ್ ಯಂತ್ರ ಹಿಡಿದ ಹುಡುಗ ಆತುರದಲ್ಲಿ ಒತ್ತಿದರೆ ಅದು ಅಣಬೆಯ ಹಾಗೆ ಹಿಂಡಿಕೊಂಡು ಸೀಳುತ್ತದೆ. ಸಡಿಲ ಬಿಟ್ಟರೆ ಮೊದಲ ಮಳೆಗೇ ನೀರು ಇಳಿಯುತ್ತದೆ. ಇನ್ನು ಬಿಸಿಲು. 6 ಮೀಟರ್ ಉದ್ದದ ಉಕ್ಕಿನ ಶೀಟು ಬೆಳಗಿನ 20 ಡಿಗ್ರಿಯಿಂದ ಮಧ್ಯಾಹ್ನದ 60 ಡಿಗ್ರಿಗೆ ಏರಿದರೆ ಸುಮಾರು 3 ಮಿ.ಮೀ. ಹಿಗ್ಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ದಿನಾ ಹೀಗೆ ಎಳೆದಾಡಿ ಸ್ಕ್ರೂವಿನ ತೂತು ಉದ್ದುದ್ದಕ್ಕೆ ಸವೆಯುತ್ತದೆ, ರಬ್ಬರು ಗಟ್ಟಿಯಾಗಿ ಬಿರಿಯುತ್ತದೆ. ಹತ್ತು ಹದಿನೈದು ಮಳೆಗಾಲ ಕಳೆಯುವ ಹೊತ್ತಿಗೆ ಶೀಟು ಹೊಸದರ ಹಾಗೆಯೇ ಇರುತ್ತದೆ, ಮನೆಯೊಳಗೆ ಬಕೆಟ್ ಇಟ್ಟಿರುತ್ತೇವೆ.

ಅಮೆರಿಕದಲ್ಲೂ ಕತೆ ಬೇರೆಯಲ್ಲ. ಇಲ್ಲಿ ಬಚ್ಚಲಿನ ಗಾಳಿ ಪೈಪುಗಳು ಮಾಡನ್ನು ತೂರಿಕೊಂಡು ಮೇಲೆ ಬರುತ್ತವೆ. ಪೈಪಿನ ಕುತ್ತಿಗೆಗೆ ರಬ್ಬರ್ ಕಾಲರ್ ಹಾಕುತ್ತಾರೆ, ಅದಕ್ಕೆ ಪೈಪ್ ಬೂಟ್ ಎಂದು ಹೆಸರು. ಶಿಂಗಲ್‌ಗೆ ಇನ್ನೂ ಅರ್ಧ ಆಯುಸ್ಸು ಉಳಿದಿರುವಾಗಲೇ ಆ ಕಾಲರ್ ಬಿರಿದು ಚಾವಣಿಯಲ್ಲಿ ಕಂದು ಕಲೆ ಮೂಡುತ್ತದೆ. ರಬ್ಬರಿನ ಆಯುಸ್ಸೇ ಮಾಡಿನ ಆಯುಸ್ಸು ಎಂಬುದನ್ನು ಎರಡೂ ಕಡೆ ಮರೆಯುತ್ತಾರೆ.

ವ್ಯತ್ಯಾಸವಿರುವುದು ಕೇಳುವ ಪ್ರಶ್ನೆಗಳಲ್ಲಿ, ನನ್ನ ಅಸಹನೆಯೆಲ್ಲ ಅಲ್ಲೇ. ಇಲ್ಲಿ ಒಳ್ಳೆಯ ಅಂದಾಜು ಪಟ್ಟಿ ಎಂದರೆ ಎರಡು ಮೂರು ಪುಟ. ಹಳೆಯ ಹೊದಿಕೆ ಎಷ್ಟು ಪದರ ಕೀಳಬೇಕು, ಕೊಳೆತ ಹಲಗೆ ಸಿಕ್ಕರೆ ಹಲಗೆಯೊಂದಕ್ಕೆ ಎಷ್ಟು, ಎರಡು ಇಳಿಜಾರು ಸೇರುವ ತಗ್ಗಿನಲ್ಲಿ ಅಂಟು ಹಾಳೆ ಹಾಸುತ್ತೀರಾ, ಸೂರಂಚಿಗೆ ತಗಡಿನ ಪಟ್ಟಿ ಇದೆಯಾ, ಶಿಂಗಲ್ ಒಂದಕ್ಕೆ ನಾಲ್ಕು ಮೊಳೆಯೋ ಆರೋ, ಪೈಪ್ ಬೂಟ್ ಎಷ್ಟು, ಗೋಡೆಗೆ ತಾಗುವ ಕಡೆ ತಗಡು ಹೊಸದೋ ಹಳೆಯದೋ, ಕೆಲಸ ಮುಗಿದ ಮೇಲೆ ಹುಲ್ಲಿನ ಮೇಲೆ ಅಯಸ್ಕಾಂತ ಉರುಳಿಸಿ ಮೊಳೆ ಹೆಕ್ಕುತ್ತೀರಾ. ಎಲ್ಲವೂ ಸಾಲು ಸಾಲಾಗಿ ಬರೆದಿರುತ್ತದೆ. ಡಲ್ಲಾಸ್ ಪಕ್ಕದ ಪ್ಲೇನೋದ ಕನ್ನಡಿಗ ಗೆಳೆಯರೊಬ್ಬರು ಒಂದೇ ಸಾಲು ಓದದೆ ಬಿಟ್ಟರು: ಚಿಮಣಿಯ ಪಕ್ಕದ ತಗಡು ‘ಹಳೆಯದನ್ನೇ ಬಳಸುವುದು’. ಮಾಡೆಲ್ಲ ಹೊಸದಾಯಿತು, ಮುಂದಿನ ವಸಂತದ ಮೊದಲ ಗುಡುಗು ಮಳೆಗೇ ಚಿಮಣಿಯ ಬದಿಯಲ್ಲಿ ಗೋಡೆ ನೆನೆಯಿತು. ತಗಡಿನಲ್ಲಿ ಹಳೆಯ ಮೊಳೆಯ ತೂತುಗಳು ಹಾಗೇ ಇದ್ದವು.

ನಮ್ಮಲ್ಲಿ? “ಚದರಕ್ಕೆ ಇಷ್ಟು, ಎಲ್ಲ ಸೇರಿ” ಎಂಬ ಒಂದೇ ಮಾತು. ಮನೆಯವರು ಕೇಳುವುದು ಎರಡೇ ಪ್ರಶ್ನೆ, ಯಾವ ಕಂಪನಿ, ಯಾವ ಬಣ್ಣ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಹೊಯ್ಯುತ್ತದೆ. ಡಲ್ಲಾಸ್‌ನಲ್ಲಿ ಸಾವಿರ ಮುಟ್ಟಿದರೆ ಹೆಚ್ಚು. ಸಾವಿರ ಮಿ.ಮೀ.ಗೆ ಮೂರು ಪುಟ ಬರೆಯುವವರ ಮುಂದೆ ಏಳು ಸಾವಿರಕ್ಕೆ ಒಂದು ಸಾಲೂ ಬರೆಸಿಕೊಳ್ಳದೆ ದುಡ್ಡು ಕೊಡುತ್ತೇವಲ್ಲ, ಅದು ನನಗೆ ನುಂಗಲಾರದ ತುತ್ತು.

ಶೀಟು ಹಾಕಿಸಲೇಬೇಕು ಎನ್ನುವವರು ಕೇಳಬೇಕಾದ್ದನ್ನು ಹೇಳುತ್ತೇನೆ. ಮೊದಲು ದಪ್ಪ. ಅಂಗಡಿಯಲ್ಲಿ ಹೇಳುವ ‘0.5’ ಎನ್ನುವುದು ಬಣ್ಣ, ಲೇಪನ ಎಲ್ಲ ಸೇರಿದ ದಪ್ಪ, ಒಳಗಿನ ಉಕ್ಕು ಅದಕ್ಕಿಂತ ಕಡಿಮೆ. ಉಕ್ಕಿನ ದಪ್ಪ ಎಷ್ಟು ಎಂದೇ ಕೇಳಿ. ಎರಡನೆಯದು ಲೇಪನ. ಅಲ್ಯುಮಿನಿಯಂ ನೂರಕ್ಕೆ 55 ಪಾಲು, ಉಳಿದದ್ದು ಬಹುತೇಕ ಸತುವು ಇರುವ ಲೇಪನಕ್ಕೆ ‘ಎಝಡ್’ ಎಂಬ ಗುರುತು. ಎಝಡ್ 150 ಎಂದರೆ ಒಂದು ಚದರ ಮೀಟರ್ ಶೀಟಿನ ಎರಡೂ ಮೈ ಸೇರಿ 150 ಗ್ರಾಂ. ಎಝಡ್ 70 ಎಂದರೆ ಅದರ ಅರ್ಧಕ್ಕಿಂತ ಕಡಿಮೆ. ಕಣ್ಣಿಗೆ ಎರಡೂ ಒಂದೇ ನೀಲಿ. ಒಳ್ಳೆಯ ತಯಾರಕರ ಶೀಟಿನ ಹಿಂಬದಿಯಲ್ಲಿ ಇದೆಲ್ಲ ಅಚ್ಚಾಗಿರುತ್ತದೆ. ಲಾರಿಯಿಂದ ಇಳಿಸುವಾಗಲೇ ಮಗುಚಿ ಓದಬೇಕು, ಮೇಲೇರಿದ ಮೇಲೆ ಓದಲಾಗದು.

ಆಮೇಲೆ ಕತ್ತರಿಸುವ ಕ್ರಮ. ಗ್ರೈಂಡರ್ ಹಿಡಿದು ಕಿಡಿ ಹಾರಿಸುತ್ತ ಶೀಟು ಕತ್ತರಿಸಿದರೆ ಅಂಚಿನ ಲೇಪನ ಸುಟ್ಟುಹೋಗುತ್ತದೆ. ಹಾರಿದ ಕಿಡಿ ಬಣ್ಣದೊಳಗೆ ಹೂತು ವಾರದೊಳಗೆ ತುಕ್ಕಿನ ಚುಕ್ಕೆ ಏಳುತ್ತದೆ. ತಗಡಿನ ಕತ್ತರಿಯೇ ಆಗಬೇಕು. ಅದಕ್ಕಿಂತ ಒಳ್ಳೆಯದು, ನೆತ್ತಿಯಿಂದ ಸೂರಿನವರೆಗೆ ಒಂದೇ ಉದ್ದದ ಶೀಟನ್ನು ಅಳತೆ ಕೊಟ್ಟು ತರಿಸುವುದು. ನಡುವೆ ಜೋಡಣೆಯೇ ಇರುವುದಿಲ್ಲ. ಸ್ಕ್ರೂ ಕೊರೆದ ಪುಡಿಯನ್ನು ಅದೇ ದಿನ ಸಂಜೆ ಮೆತ್ತನೆಯ ಪೊರಕೆಯಲ್ಲಿ ಗುಡಿಸಬೇಕು. ಸ್ಕ್ರೂ ಬೀಳಬೇಕಾದ್ದು ಅಲೆಯ ಏರಿನ ಮೇಲೆ, ನೀರು ಹರಿಯುವ ತಗ್ಗಿನಲ್ಲಿ ಅಲ್ಲ. ಹೊದಿಸಲು ತೊಡಗುವುದು ಗಾಳಿ ಬರುವ ದಿಕ್ಕಿನ ಎದುರು ತುದಿಯಿಂದ. ಮಲೆನಾಡಿನಲ್ಲಿ ಮಳೆ ನೈಋತ್ಯದಿಂದ ಹೊಡೆಯುವುದರಿಂದ ಶೀಟಿನ ಮೇಲ್ಜೋಡಣೆಯ ಬಾಯಿ ಆ ಕಡೆ ತೆರೆದಿರಬಾರದು. ಕೆಳಗಿನ ಜಿಐ ಪೈಪಿಗೆ ವೆಲ್ಡಿಂಗ್ ಮಾಡಿದ ಕಡೆಯೆಲ್ಲ ಸತುವು ಸುಟ್ಟಿರುತ್ತದೆ. ಅಲ್ಲಿಗೆ ಸತುವಿನ ಪ್ರೈಮರ್ ಬಳಿಯದೆ ಶೀಟು ಏರಿಸಿದರೆ ಚೌಕಟ್ಟೇ ಮೊದಲು ತುಕ್ಕು ಹಿಡಿಯುತ್ತದೆ. ಕರಾವಳಿಯವರು ಇನ್ನೊಂದು ಗಮನಿಸಲಿ: ಮಳೆ ನೀರು ತೊಳೆಯದ ಸೂರಿನ ಅಡಿಭಾಗದಲ್ಲೇ ಉಪ್ಪು ಕೂತು ಶೀಟಿಗೆ ಮೊದಲು ತುಕ್ಕು ಹಿಡಿಯುತ್ತದೆ. ಮೇಲಿಂದ ನೋಡಿದರೆ ಏನೂ ಗೊತ್ತಾಗದು.

ಬರಿಯ ಶೀಟಿನ ಕೆಳಗೆ ಮಲಗಿದವರಿಗೆ ಇನ್ನೆರಡು ಗೊತ್ತು. ಜಡಿಮಳೆಯಲ್ಲಿ ಪಕ್ಕದಲ್ಲಿ ಕೂತವರ ಮಾತು ಕೇಳುವುದಿಲ್ಲ. ಚಳಿಗಾಲದ ರಾತ್ರಿ ಒಳಮೈಗೆ ಇಬ್ಬನಿ ಕಟ್ಟಿ ಹಾಸಿಗೆಯ ಮೇಲೆ ಹನಿಯುತ್ತದೆ. ಅದನ್ನು ಸೋರಿಕೆ ಎಂದು ತಿಳಿದು ಮೇಲೆಲ್ಲ ಸಿಲಿಕಾನ್ ಬಳಿದವರಿದ್ದಾರೆ. ಬೇಕಾದ್ದು ಶೀಟಿನಡಿಗೆ ಫೋಮ್ ಪದರ, ಇಲ್ಲವೇ ಅಟ್ಟಕ್ಕೆ ಗಾಳಿಯಾಡುವ ದಾರಿ.

ಹಂಚಿನ ಮಾತಿಗೆ ಬರುತ್ತೇನೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಬಂದ ಈ ಹಂಚಿನ ಜಾಣತನ ಅದರ ಅಂಚಿನ ತೋಡಿನಲ್ಲಿದೆ. ಪಕ್ಕದ ಹಂಚಿನ ತೋಡಿನೊಳಗೆ ಇದರ ಅಂಚು ಕೂರುತ್ತದೆ, ತೋಡಿಗೆ ಇಳಿದ ನೀರು ಕೆಳಗಿನ ಹಂಚಿನ ಮೇಲೆ ಹೋಗಿ ಬೀಳುತ್ತದೆ. ಹಾಗಾಗಿ ಬೇರೆ ಬೇರೆ ಕಾರ್ಖಾನೆಯ ಹಂಚು ಬೆರೆಸಬಾರದು. ಅಚ್ಚು ಒಂದೆರಡು ಮಿ.ಮೀ. ವ್ಯತ್ಯಾಸವಾದರೂ ಅಂಚು ಕೂರದೆ ಎದ್ದು ನಿಲ್ಲುತ್ತದೆ, ಇರಚಲು ಅಲ್ಲೇ ಹೊಡೆಯುತ್ತದೆ. ಬೇರೆ ಹಂಚು ಬಂತೆಂದರೆ ಅದನ್ನೆಲ್ಲ ಒಂದೇ ಇಳಿಜಾರಿಗೆ ಹಾಕಿ. ರೀಪಿನ ಅಂತರವನ್ನೂ ಹಂಚು ಕೈಯಲ್ಲಿಟ್ಟುಕೊಂಡೇ ಗುರುತು ಮಾಡಬೇಕು. ಸಾಮಾನ್ಯವಾಗಿ 12ರಿಂದ 13 ಇಂಚು, ಆದರೆ ಅರ್ಧ ಇಂಚು ತಪ್ಪಿದರೂ ಮೂಗು ಹಿಡಿಯುವುದಿಲ್ಲ. ಇಳಿಜಾರು 30 ಡಿಗ್ರಿಗೆ ಕಡಿಮೆಯಾದರೆ ಮಲೆನಾಡಿನಲ್ಲಿ ಹಂಚು ಬೇಡ, ನೀರು ಹಿಂದಕ್ಕೇರುತ್ತದೆ.

ಹೊಸ ಹಂಚು ಆರಿಸುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು ಎಲ್ಲರಿಗೂ ಗೊತ್ತು. ಕಂಚಿನ ದನಿ ಬಂದರೆ ಒಳ್ಳೆಯದು, ಮಡಕೆಯ ಒಡಕು ದನಿ ಬಂದರೆ ಬಿರುಕು ಅಥವಾ ಬೇಯದ ಮಣ್ಣು. ಅದಕ್ಕಿಂತ ಖಚಿತವಾದ ಪರೀಕ್ಷೆಗೆ ತಕ್ಕಡಿ ಸಾಕು. ಪೂರ್ತಿ ಒಣಗಿದ ಐದಾರು ಹಂಚು ತೂಗಿ, 24 ತಾಸು ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿ. ಎರಡೂವರೆ ಕಿಲೊದ ಹಂಚು 450 ಗ್ರಾಂ ಒಳಗೆ ನೀರು ಕುಡಿದಿದ್ದರೆ, ಅಂದರೆ ನೂರಕ್ಕೆ 18ರೊಳಗಿದ್ದರೆ ಅದು ಮೇಲ್ದರ್ಜೆಯದು. ಅದಕ್ಕಿಂತ ಬಹಳ ಹೆಚ್ಚು ಕುಡಿದರೆ ಪಾಚಿ ಬೇಗ ಹಿಡಿಯುತ್ತದೆ, ಮಳೆಗಾಲದಲ್ಲಿ ಮಾಡಿನ ಭಾರವೂ ಏರುತ್ತದೆ. ನೆತ್ತಿಯ ಹಂಚು ಕೂರಿಸಲು ಬರಿಯ ಸಿಮೆಂಟ್ ಗಾರೆ ಬೇಡ, ಅದು ಬಿರಿಯುತ್ತದೆ, ಮುಂದೆ ಬಿಚ್ಚುವಾಗ ಹಂಚನ್ನೂ ಒಡೆಯುತ್ತದೆ. ಸಿಮೆಂಟ್ 1, ಸುಣ್ಣ 1, ಮರಳು 6 ಪಾಲಿನ ಗಾರೆ ಸಾಕು.

ಹಂಚಿನ ಮಾಡಿನಲ್ಲಿ ಮೊದಲು ಸಾಯುವುದು ರೀಪು ಮತ್ತು ಪಕಾಸಿನ (ನೆತ್ತಿಯಿಂದ ಸೂರಿಗೆ ಇಳಿಯುವ ಮರದ) ತುದಿ. ಸೂರಿನ ಕಡೆ ತೇವ, ಗೋಡೆಯ ಕಡೆ ಗೆದ್ದಲು. ಹಂಚು ಕೈಯಾಡಿಸುವ ಲಾಭವೆಂದರೆ ಆ ದಿನ ಇದೆಲ್ಲ ಕಣ್ಣಿಗೆ ಬೀಳುತ್ತದೆ. ಮೆತ್ತಗಾದ ರೀಪೊಂದನ್ನು ಅಲ್ಲೇ ಬದಲಿಸಿ ಮುಂದೆ ಹೋಗುತ್ತಾರೆ. ಶೀಟಿನ ಕೆಳಗೆ ಏನಾಗುತ್ತಿದೆ ಎಂದು ಯಾರೂ ಬಿಚ್ಚಿ ನೋಡುವುದಿಲ್ಲ.

ಇಲ್ಲಿಂದ ಕಲಿಯಬೇಕಾದ ಒಂದು ವಿದ್ಯೆ ಇದೆ, ಅದನ್ನು ಊರಿಗೆ ಒಯ್ಯಬೇಕೆಂದು ನನಗೆ ತುಂಬ ಆಸೆ. ಅಮೆರಿಕದ ಹಂಚಿನ ಮಾಡಿನಲ್ಲಿ ಹಂಚಿನ ಕೆಳಗೊಂದು ನೀರು ತಡೆಯುವ ಹಾಳೆ ಕಡ್ಡಾಯ. ಒಂದು ಹಂಚು ಒಡೆದರೂ ಮನೆಯೊಳಗೆ ಹನಿಯುವುದಿಲ್ಲ. ನಮ್ಮಲ್ಲಿ ಮಾಡುವುದಾದರೆ ಪಕಾಸಿನ ಮೇಲೆ ಉಸಿರಾಡುವ ಹಾಳೆ ಹಾಸಿ, ಪಕಾಸಿನ ನೇರಕ್ಕೇ ಮೇಲಿಂದ ಕೆಳಗೆ ಒಂದಿಂಚಿನ ಪಟ್ಟಿ ಹೊಡೆದು, ಅದರ ಮೇಲೆ ಅಡ್ಡ ರೀಪು. ಆ ಒಂದಿಂಚಿನ ಸಂದಿಯಲ್ಲಿ ನುಸುಳಿದ ನೀರು ಸೂರಿಗೆ ಇಳಿಯುತ್ತದೆ, ಗಾಳಿಯೂ ಆಡುತ್ತದೆ. ಪಟ್ಟಿ ಬಿಟ್ಟು ನೇರ ಹಾಳೆಯ ಮೇಲೆ ಅಡ್ಡ ರೀಪು ಹೊಡೆದರೆ ನೀರು ಪ್ರತಿ ರೀಪಿನ ಹಿಂದೆ ನಿಂತು ಅದನ್ನು ಕೊಳೆಸುತ್ತದೆ. ಟಾರ್ಪಾಲ್ ಅಥವಾ ಪ್ಲಾಸ್ಟಿಕ್ ಮಾತ್ರ ಬೇಡ, ಒಲೆಯ ಹಬೆ ಅದಕ್ಕೆ ಕಟ್ಟಿ ಮರವೆಲ್ಲ ಮೆತ್ತಗಾಗುತ್ತದೆ. ಹಾಳೆ ಹಾಸಿದ ಮಾಡನ್ನು ವರ್ಷ ವರ್ಷ ಕೈಯಾಡಿಸಬೇಕಾಗಿಯೂ ಇಲ್ಲ.

ಇದನ್ನೆಲ್ಲ ಅಣ್ಣನಿಗೆ ಹೇಳಿದಾಗ ಸುಮ್ಮನೆ ಕೇಳಿಸಿಕೊಂಡ. ಕೊನೆಗೆ, “ಎಲ್ಲ ಸರಿ. ಮಂಗ ಬಂದ್ರೆ ಓಡ್ಸೋಕೆ ಯಾರಿದ್ದಾರೆ?” ಎಂದ.

ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮಲೆನಾಡಿನಲ್ಲಿ ಹಂಚು ಬಿಟ್ಟವರಲ್ಲಿ ಬಹಳ ಮಂದಿ ಬಿಟ್ಟದ್ದು ಮಂಗನಿಂದಲೇ. ಒಂದು ಹಿಂಡು ಮಾಡಿನ ಮೇಲೆ ಹಾರಿಹೋದರೆ ಇಪ್ಪತ್ತು ಹಂಚು ಹೋಯಿತು. ಮಳೆಗಾಲದ ನಡುವೆ ಪಾಚಿಗಟ್ಟಿದ ಮಾಡು ಏರುವವರಿಲ್ಲ. ಹಂಚು ಕೂರಿಸಲು ಬಲ್ಲವರ ಮಕ್ಕಳು ಬೆಂಗಳೂರು ಸೇರಿದ್ದಾರೆ, ಮರದ ಬೆಲೆ ಕೇಳುವ ಹಾಗಿಲ್ಲ. ಎಪ್ಪತ್ತು ದಾಟಿದ ಇಬ್ಬರೇ ಇರುವ ಮನೆಯಲ್ಲಿ ವರ್ಷಕ್ಕೊಮ್ಮೆ ಆಳು ಹುಡುಕಿ ಎನ್ನುವುದು ದೂರದಲ್ಲಿ ಕೂತವರಿಗೆ ಸುಲಭ. ಟೆಕ್ಸಸ್‌ನಲ್ಲೂ ಪೈಪಿನ ಕುತ್ತಿಗೆಗೆ ಸೀಸದ ತೋಳು ಹಾಕಿದರೆ ಅಳಿಲು ಬಂದು ಕಡಿಯುತ್ತದೆ. ಮಂಗನ ಮುಂದೆ ಅದು ಏನೂ ಅಲ್ಲ. ಕೊಟ್ಟಿಗೆಗೆ, ಅಡಿಕೆ ಚಪ್ಪರಕ್ಕೆ ಶೀಟೇ ಸರಿ ಎಂಬುದನ್ನೂ ಒಪ್ಪುತ್ತೇನೆ. ಹಳೆಯ ಕಲ್ನಾರಿನ ಶೀಟು ತೆಗೆದು ಉಕ್ಕಿನದು ಹಾಕಿದರೆ ಅದು ಲಾಭವೇ. ಅಮೆರಿಕ ಬಳಕೆಯಲ್ಲಿ ಉಳಿದಿದ್ದ ಕೊನೆಯ ಬಗೆಯ ಕಲ್ನಾರನ್ನೂ ನಿಷೇಧಿಸಿದ್ದು 2024ರಲ್ಲಿ, ನಮ್ಮಲ್ಲಿ ಇನ್ನೂ ಮಾರುತ್ತಾರೆ. ಅದನ್ನು ಇಳಿಸುವಾಗ ಮೊದಲು ನೀರು ಚಿಮುಕಿಸಿ ನೆನೆಸಬೇಕು, ಒಡೆಯದೆ ಇಡಿಯಾಗಿ ಇಳಿಸಬೇಕು, ಪುಡಿಯನ್ನು ಒಣ ಪೊರಕೆಯಲ್ಲಿ ಗುಡಿಸಬಾರದು. ನಾರು ಶ್ವಾಸಕೋಶಕ್ಕೆ ಹೋದರೆ ಹಿಂದೆ ಬರುವುದಿಲ್ಲ.

ಅಣ್ಣನ ಮನೆಗೆ ಶೀಟು ಬಂದಾಗಿದೆ, ಮುಂದಿನ ಮಾರ್ಚಿನಲ್ಲಿ ಸ್ಕ್ರೂಗಳನ್ನೆಲ್ಲ ಒಮ್ಮೆ ನೋಡಿಸುತ್ತೇನೆ ಎಂದಿದ್ದಾನೆ. ಅಂಗಳದ ಹಂಚನ್ನು ಮಾತ್ರ ಕೊಡಬೇಡ ಎಂದು ಕೇಳಿಕೊಂಡಿದ್ದೇನೆ. ಫೋಟೊದಲ್ಲಿ ಇರುವ ಹಾಗೆ ಮಲಗಿಸಿ ಪೇರಿಸಿದರೆ ಅಡಿಯ ಸಾಲು ಭಾರಕ್ಕೆ ಬಿರಿಯುತ್ತದೆ, ನಡುವೆ ನೀರು ನಿಂತು ಪಾಚಿ ಕಟ್ಟುತ್ತದೆ. ಎರಡು ಅಡಿಕೆ ಮರದ ದಬ್ಬೆ ನೆಲಕ್ಕೆ ಹಾಕಿ, ಅದರ ಮೇಲೆ ಹಂಚನ್ನು ಅಂಚಿನ ಮೇಲೆ ನಿಲ್ಲಿಸಿ, ಪುಸ್ತಕ ಜೋಡಿಸಿದ ಹಾಗೆ ಒಂದಕ್ಕೊಂದು ಒರಗಿಸಿ, ನಾಲ್ಕು ಸಾಲಿಗಿಂತ ಎತ್ತರ ಏರಿಸದೆ, ಕೊಟ್ಟಿಗೆಯ ಹಿಂದಿನ ಸೂರಿನಡಿ ಇಡಬೇಕು. ನೆತ್ತಿಯ ಹಂಚು ಬೇರೆ, ಗಾಜಿನ ಹಂಚು ಬೇರೆ.